ಎಲ್ಫ್ ನುಡಿ ಕಲಿಯುವವರು ಯಾವ ಆಕರವನ್ನು ಎಷ್ಟು ನಂಬಬೇಕು?

ಇಂಗ್ಲಿಷ್ ಕಾದಂಬರಿಕಾರ ಜೆ.ಆರ್.ಆರ್. ಟೋಲ್ಕಿನ್ ತಮ್ಮ ಕಥೆಗಳ ಎಲ್ಫ್ ಎಂಬ ಜನಕ್ಕೆ ಕಲ್ಪಿಸಿದ ನುಡಿಗಳಲ್ಲಿ ಮುಖ್ಯವಾದವು ಎರಡು, ಸಿಂದರಿನ್ ಮತ್ತು ಕ್ವೆನ್ಯ. ‘ಮಯ್ ಗೊವನ್ನೆನ್’, ‘ಹನ್ನೊನ್ ಲೆ’ ಎಂಬ ಎರಡು ಮಾತುಗಳನ್ನು ಸಿಂದರಿನ್ ಕಲಿಯಲು ಕೂತವರು ಸಾಮಾನ್ಯವಾಗಿ ಮೊದಲ ದಿನವೇ ಬಾಯಿಪಾಠ ಮಾಡಿಬಿಡುತ್ತಾರೆ. ಮೊದಲನೆಯದು ಎದುರುಗೊಳ್ಳುವಾಗ ಆಡುವ ಮಾತು, ಎರಡನೆಯದು ಧನ್ಯವಾದ. ಅಂತರ್ಜಾಲದ ಪದಪಟ್ಟಿಗಳಲ್ಲಿ ಇವು ಒಂದರ ಕೆಳಗೊಂದು, ಒಂದೇ ಅಳತೆಯ ಅಕ್ಷರಗಳಲ್ಲಿ, ಸಮಾನ ಹಕ್ಕುದಾರರಂತೆ ಕುಳಿತಿರುತ್ತವೆ. ಆದರೆ ಮೊದಲನೆಯದನ್ನು ಬರೆದವರು ಜೆ.ಆರ್.ಆರ್. ಟೋಲ್ಕಿನ್ ಅವರೇ; 1954ರಲ್ಲಿ ಅಚ್ಚಾದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನ ಮೊದಲ ಸಂಪುಟದಲ್ಲಿ ಗ್ಲೊರ್‌ಫಿಂಡೆಲ್ ಎಂಬ ಎಲ್ಫ್ ಅದನ್ನು ಆಡುತ್ತಾನೆ. ಎರಡನೆಯದು ಆ ಕಾದಂಬರಿಯಲ್ಲಿ ಎಲ್ಲಿ ಹುಡುಕಿದರೂ ಸಿಗದು. ಈ ಶತಮಾನದ ಆರಂಭದಲ್ಲಿ ಆ ಕಥೆ ಚಲನಚಿತ್ರವಾದಾಗ, ಸಂಭಾಷಣೆಗೆ ಬೇಕಾದ ಎಲ್ಫ್ ಮಾತುಗಳನ್ನು ಹೊಂದಿಸಿಕೊಟ್ಟ ಭಾಷಾಶಾಸ್ತ್ರಜ್ಞ ಡೇವಿಡ್ ಸಾಲೊ ಅವರು, ಟೋಲ್ಕಿನ್ ಬಿಟ್ಟುಹೋದ ಸಾಮಗ್ರಿಯ ಆಧಾರದ ಮೇಲೆ ಊಹಿಸಿ ಕಟ್ಟಿದ ಮಾತು ಅದು. ಕಟ್ಟಿದ್ದು ತಪ್ಪಲ್ಲ, ಕಟ್ಟಿದ ರೀತಿಯೂ ಅಡ್ಡಾದಿಡ್ಡಿಯಲ್ಲ. ಆದರೆ ಇದು ಕರ್ತೃವಿನ ಮಾತು, ಇದು ಅನಂತರದವರ ಮಾತು ಎಂಬ ಭೇದವನ್ನು ಆ ಪದಪಟ್ಟಿಗಳು ಹೇಳುವುದಿಲ್ಲ. ಎಲ್ಫ್ ನುಡಿಗಳ ಕಲಿಕೆಯ ಸಾಮಗ್ರಿಯನ್ನು ಹೋಲಿಸಿ ನೋಡಲು ನನಗೆ ತಿಳಿದಂತೆ ಇದಕ್ಕಿಂತ ಉತ್ತಮವಾದ ಒರೆಗಲ್ಲು ಇಲ್ಲ: ಒಂದು ಪದ ಯಾರ ಕೈಯಿಂದ ಬಂತು, ಯಾವ ಕಾಲದಲ್ಲಿ ಬಂತು ಎಂಬುದನ್ನು ಆ ಪುಸ್ತಕ ಅಥವಾ ತಾಣ ಪದದ ಪಕ್ಕದಲ್ಲೇ ಹೇಳುತ್ತದೆಯೇ, ಇಲ್ಲವೇ?

ಬೇರೆ ಕಲ್ಪಿತ ಭಾಷೆಗಳಲ್ಲಿ ಈ ತೊಡಕು ಇಷ್ಟು ತೀವ್ರವಾಗಿಲ್ಲ. ‘ಸ್ಟಾರ್ ಟ್ರೆಕ್’ ಚಿತ್ರಗಳ ಕ್ಲಿಂಗಾನ್ ಭಾಷೆಯನ್ನು ರೂಪಿಸಿದ ಮಾರ್ಕ್ ಓಕ್ರಾಂಡ್ 1985ರಲ್ಲಿ ತಾವೇ ನಿಘಂಟು ಮತ್ತು ವ್ಯಾಕರಣವನ್ನು ಪ್ರಕಟಿಸಿದರು. ಆ ಮೇಲೂ ಹೊಸ ಪದಗಳನ್ನು ಆಗಾಗ ಬಿಡುಗಡೆ ಮಾಡುತ್ತ ಬಂದರು. ‘ಅವತಾರ್’ ಚಿತ್ರದ ನಾವಿ ಭಾಷೆಗೆ ಪಾಲ್ ಫ್ರಾಮರ್ ಇದ್ದರು, ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯ ಹೈ ವಲೇರಿಯನ್‌ಗೆ ಡೇವಿಡ್ ಪೀಟರ್ಸನ್ ಇದ್ದರು. ಭಾಷೆ ಕಲಿಸುವ ಡ್ಯುಯೊಲಿಂಗೊ ತಾಣದಲ್ಲಿ ಹೈ ವಲೇರಿಯನ್ ಪಾಠಗಳು ಬಂದದ್ದು ಪೀಟರ್ಸನ್ನರ ಕೈಯಿಂದಲೇ. ನಮ್ಮ ಕಡೆಯದೇ ಆದ, 2015ರ ಬಾಹುಬಲಿ ಚಿತ್ರದಲ್ಲಿ ಕಾಲಕೇಯರು ಆಡುವ ಕಿಲಿಕಿಗೂ ಮದನ್ ಕಾರ್ಕಿ ಎಂಬ ಒಬ್ಬ ಕರ್ತೃವಿದ್ದಾರೆ. ಇಂಥ ಭಾಷೆಗಳಲ್ಲಿ ಕರ್ತೃ ಒಪ್ಪಿದ್ದು ಸರಿ, ಒಪ್ಪದ್ದು ತಪ್ಪು ಎಂದು ವ್ಯಾಜ್ಯ ಬೇಗ ಮುಗಿಯುತ್ತದೆ. ಟೋಲ್ಕಿನ್ ಹಾಗಲ್ಲ. 1915ರ ಸುಮಾರಿಗೆ, ಇಪ್ಪತ್ತಮೂರರ ತರುಣನಾಗಿದ್ದಾಗ ಎಲ್ಫ್ ನುಡಿಯ ಮೊದಲ ಪದಕೋಶವನ್ನು ಬರೆಯತೊಡಗಿದ ಅವರು 1973ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ತಿದ್ದುತ್ತಲೇ ಇದ್ದರು. ಕಲಿಯುವವರಿಗೆಂದು ಒಂದು ಪಠ್ಯಪುಸ್ತಕವನ್ನೂ ಬರೆಯಲಿಲ್ಲ. ಹೀಗಾಗಿ ಇಲ್ಲಿ ನಮಗೆ ಸಿಗುವುದು ಒಂದು ಭಾಷೆಯಲ್ಲ. ಆರು ದಶಕಗಳ ಕರಡುಗಳು.

ಕರಡುಗಳ ಈ ಸ್ವಭಾವವನ್ನು ಒಂದು ಪದದಲ್ಲಿ ತೋರಿಸಬಹುದು. ಎಲೆ ಎಂಬುದಕ್ಕೆ ಸಿಂದರಿನ್‌ನಲ್ಲಿ ‘ಲಸ್ಸ್’. ಲೆಗೊಲಸ್ ಎಂಬ ಹೆಸರಿನ ಕೊನೆಯಲ್ಲಿರುವುದು ಅದೇ. ಆದರೆ 1930ರ ದಶಕದ ಕೊನೆಯಲ್ಲಿ ಟೋಲ್ಕಿನ್ ಬರೆದಿಟ್ಟ ‘ಎಟಿಮಾಲಜೀಸ್’ ಎಂಬ ಧಾತುಕೋಶದಲ್ಲಿ ನೋಡಿದರೆ ‘ಲ್ಹಸ್ಸ್’ ಎಂದಿದೆ. ಆಗ ಆ ಭಾಷೆಯ ಹೆಸರೇ ಬೇರೆ, ನೊಲ್ಡೊರಿನ್. ಅದನ್ನು ಆಡುವ ಜನರ ಇತಿಹಾಸವನ್ನು ಟೋಲ್ಕಿನ್ ಆಮೇಲೆ ಬದಲಿಸಿದಾಗ ಭಾಷೆಯ ಹೆಸರು ಸಿಂದರಿನ್ ಆಯಿತು, ಪದದ ಮೊದಲಲ್ಲಿದ್ದ ‘ಲ್ಹ’ಕಾರ ‘ಲ’ಕಾರವಾಯಿತು. ಈ ಸಂಗತಿಯನ್ನು ತಿಳಿಯದೆ ಧಾತುಕೋಶದಿಂದ ಪದಗಳನ್ನು ನೇರವಾಗಿ ಎತ್ತಿಕೊಂಡ ಪಟ್ಟಿಗಳು ಇಂದಿಗೂ ಓಡಾಡುತ್ತಿವೆ. ಅವುಗಳಿಂದ ಕಲಿತವನು ಒಂದೇ ವಾಕ್ಯದಲ್ಲಿ 1937ರ ಒಂದು ಪದವನ್ನೂ 1960ರ ಒಂದು ಪ್ರತ್ಯಯವನ್ನೂ ಹೊಲಿದು ಕೂರಿಸುತ್ತಾನೆ. ಪಂಪನ ಕ್ರಿಯಾಪದಕ್ಕೆ ಇಂದಿನ ಪತ್ರಿಕೆಯ ವಿಭಕ್ತಿ ಹಚ್ಚಿದ ಹಾಗೆ.

ಆಕರಗಳಲ್ಲಿ ಮೊದಲ ಸ್ಥಾನ ಸಹಜವಾಗಿಯೇ ಕರ್ತೃವಿನ ಬರಹಕ್ಕೆ. ಕಾದಂಬರಿಯ ಕೊನೆಯಲ್ಲಿರುವ ಅನುಬಂಧಗಳಲ್ಲಿ ಐದನೆಯದು ಉಚ್ಚಾರಣೆ ಮತ್ತು ಲಿಪಿಯ ಬಗ್ಗೆ, ಆರನೆಯದು ಭಾಷೆಗಳ ಬಗ್ಗೆ. ಬಹಳ ಜನ ಕಥೆ ಮುಗಿದ ಕೂಡಲೇ ಪುಸ್ತಕ ಮುಚ್ಚಿಬಿಡುವುದರಿಂದ, ಮನೆಯಲ್ಲೇ ಇರುವ ಈ ಆಕರ ಅವರ ಕಣ್ಣಿಗೆ ಬಿದ್ದಿರುವುದಿಲ್ಲ. ಉಚ್ಚಾರಣೆಯ ಮಟ್ಟಿಗೆ ಬೇರೇನೂ ಬೇಡ, ಈ ಕೆಲವು ಪುಟಗಳು ಸಾಕು. 1977ರಲ್ಲಿ ಬಂದ ‘ದಿ ಸಿಲ್ಮರಿಲಿಯನ್’ನ ಕೊನೆಯಲ್ಲಿ ಹೆಸರುಗಳನ್ನು ಬಿಡಿಸಿ ತೋರಿಸುವ ಒಂದು ಪದಕೋಶವಿದೆ, ಅದೂ ಒಳ್ಳೆಯದೇ. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದ ಅಂಗಡಿಗಳಲ್ಲಿ ಈ ಎರಡನ್ನೂ ಹುಡುಕುವುದು ಕಷ್ಟವೇನಲ್ಲ. ಮೇಲೆ ಹೇಳಿದ ಧಾತುಕೋಶವನ್ನು ಮಗ ಕ್ರಿಸ್ಟೋಫರ್ ಟೋಲ್ಕಿನ್ 1987ರಲ್ಲಿ ‘ದಿ ಲಾಸ್ಟ್ ರೋಡ್’ ಎಂಬ ಸಂಪುಟದಲ್ಲಿ ಪ್ರಕಟಿಸಿದರು. ದ್ರಾವಿಡ ವ್ಯುತ್ಪತ್ತಿ ಕೋಶವನ್ನು ತಿರುವಿ ನೋಡಿದವರಿಗೆ ಅದರ ವಿನ್ಯಾಸ ತೀರ ಹೊಸದೆನಿಸದು: ಮೊದಲು ಧಾತು, ಅದರ ಕೆಳಗೆ ಒಂದೊಂದು ಸೋದರ ಭಾಷೆಯಲ್ಲಿ ಆ ಧಾತು ತಳೆದ ರೂಪ. ಓದಲು ರುಚಿಯಾದ ಗ್ರಂಥ, ಆದರೆ ಕಲಿಯಲು ಅಪಾಯಕಾರಿ. ಹಳೆಯ ಘಟ್ಟದ ರೂಪಗಳು ಅದರಲ್ಲಿರುವುದು ಒಂದು ಕಾರಣವಾದರೆ, ಟೋಲ್ಕಿನ್ನರ ಕೈಬರಹ ಇನ್ನೊಂದು. ಅದನ್ನು ಮತ್ತೆ ಪರಿಶೀಲಿಸಿದ ವಿದ್ವಾಂಸರು ಕಂಡುಕೊಂಡ ಸೇರ್ಪಡೆ ಮತ್ತು ತಿದ್ದುಪಡಿಗಳು ‘ವಿನ್ಯಾರ್ ತೆಂಗ್ವಾರ್’ ಎಂಬ ಪತ್ರಿಕೆಯ 45 ಮತ್ತು 46ನೆಯ ಸಂಚಿಕೆಗಳನ್ನು ತುಂಬಿವೆ.

ಆ ಪತ್ರಿಕೆಯೂ ‘ಪರ್ಮ ಎಲ್ಡಲಂಬೆರೊನ್’ ಎಂಬ ಇನ್ನೊಂದೂ ಈ ಕ್ಷೇತ್ರದ ಮೂಲ ಆಕರಗಳು. ಟೋಲ್ಕಿನ್ ಬಿಟ್ಟುಹೋದ ಭಾಷಾ ಕರಡುಗಳನ್ನು ಒಂದೊಂದಾಗಿ ಅಚ್ಚಿಗೆ ತರುವುದೇ ಇವುಗಳ ಕೆಲಸ. 1915ರ ಸುಮಾರಿನ ಮೊಟ್ಟಮೊದಲ ಪದಕೋಶ ಪರ್ಮದ 12ನೆಯ ಸಂಚಿಕೆಯಾಗಿ 1998ರಲ್ಲಿ ಬಂತು. ಕಾದಂಬರಿಯಲ್ಲಿರುವ ಎಲ್ಫ್ ಮಾತುಗಳಿಗೆ ಟೋಲ್ಕಿನ್ ತಾವೇ ಬರೆದುಕೊಂಡ ಟಿಪ್ಪಣಿಗಳು 17ನೆಯದಾಗಿ 2007ರಲ್ಲಿ ಬಂದವು. ಪ್ರಾಮಾಣ್ಯದಲ್ಲಿ ಇವುಗಳಿಗೆ ಸಾಟಿಯಿಲ್ಲ, ಬೋಧನೆಯಲ್ಲಿ ಇವುಗಳಷ್ಟು ನಿಷ್ಕರುಣಿ ಇನ್ನೊಂದಿಲ್ಲ. ಹೊಡೆದುಹಾಕಿದ ಸಾಲು, ಅಂಚಿನಲ್ಲಿ ಗೀಚಿದ ಸಂದೇಹ, ಒಂದೇ ಪುಟದಲ್ಲಿ ಪರಸ್ಪರ ಒಪ್ಪದ ಎರಡು ನಿಯಮ, ಇವನ್ನೆಲ್ಲ ಇದ್ದಂತೆಯೇ ಎದುರಿಗೆ ಇಡುತ್ತವೆ. ಎರಡು ವರ್ಷವಾದರೂ ಬೇರೆಡೆ ಕಲಿಯದೆ ಇವನ್ನು ವಿದೇಶದಿಂದ ತರಿಸಿಕೊಳ್ಳುವುದು ಅಂಚೆ ವೆಚ್ಚಕ್ಕೆ ದಂಡ ಎಂದೇ ನನ್ನ ಅಭಿಪ್ರಾಯ.

ಹಾಗಾದರೆ ಪಾಠಗಳು? ಕ್ವೆನ್ಯಕ್ಕೆ ಅತ್ಯಂತ ಹೆಸರಾದದ್ದು ನಾರ್ವೆಯ ಹೆಲ್ಗೆ ಫೌಸ್ಕಾಂಗೆರ್ ಅವರು ‘ಅರ್ದಲಂಬಿಯೊನ್’ ಎಂಬ ತಾಣದಲ್ಲಿ ಉಚಿತವಾಗಿ ಕೊಟ್ಟಿರುವ ಇಪ್ಪತ್ತು ಪಾಠಗಳ ಮಾಲೆ. ವಿವರಣೆ ನಿಧಾನ, ಅಭ್ಯಾಸಗಳಿಗೆ ಉತ್ತರಗಳೂ ಇವೆ, ಮುಖ್ಯವಾಗಿ ಲೇಖಕರು ಊಹಿಸಿದ ಕಡೆ ಊಹೆ ಎಂದೇ ಬರೆಯುತ್ತಾರೆ. ಕನ್ನಡಿಗರಿಗೆ ಇದರ ಮೊದಲರ್ಧ ನೀರು ಕುಡಿದಷ್ಟು ಸಲೀಸು, ಏಕೆಂದರೆ ಫಿನ್ನಿಶ್ ಭಾಷೆಯ ಮೋಹದಲ್ಲಿ ಹುಟ್ಟಿದ ಕ್ವೆನ್ಯ ನಮ್ಮಂತೆಯೇ ನಾಮಪದಕ್ಕೆ ಪ್ರತ್ಯಯಗಳನ್ನು ಅಂಟಿಸುತ್ತ ಹೋಗುವ ಭಾಷೆ. ‘ಕಿರ್ಯ’ ಎಂದರೆ ಹಡಗು. ‘ಕಿರ್ಯನ್ನ’ ಹಡಗಿನ ಕಡೆಗೆ, ‘ಕಿರ್ಯಸ್ಸೆ’ ಹಡಗಿನಲ್ಲಿ, ‘ಕಿರ್ಯಲ್ಲೊ’ ಹಡಗಿನಿಂದ. ಇಂಗ್ಲಿಷ್ ಮಾತೃಭಾಷೆಯವರು ಪಾಠವಿಡೀ ಕಲಿಯಬೇಕಾದದ್ದು ನಮಗೆ ಹುಟ್ಟುಗುಣ. ಒಂದು ಎಡವಟ್ಟು ಮಾತ್ರ ಇದೆ: ‘ಲ್ಲೊ’ ಎಂದು ಕೇಳಿದ ಕೂಡಲೇ ನಮ್ಮ ಕಿವಿ ‘ಅಲ್ಲಿ’ಯನ್ನು ನೆನೆದು, ಹಡಗಿನಿಂದ ಇಳಿದವನನ್ನು ಹಡಗಿನಲ್ಲೇ ಕೂರಿಸಿಬಿಡುತ್ತದೆ. ತಿಂಗಳುಗಟ್ಟಲೆ ನಾನು ಇದೇ ತಪ್ಪನ್ನು ಮಾಡಿದ್ದೇನೆ. ಇನ್ನೊಂದು ಅನುಕೂಲವನ್ನೂ ಇಲ್ಲೇ ಹೇಳಬೇಕು. ಟಿಪ್ಪಣಿಗಳನ್ನು ರೋಮನ್ ಲಿಪಿಯಲ್ಲಿ ಬರೆದುಕೊಳ್ಳುವ ಬದಲು ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ಹ್ರಸ್ವ ದೀರ್ಘಗಳು, ಅದರಲ್ಲೂ ಎ ಏ, ಒ ಓಗಳ ಭೇದ, ಗುರುತು ಹಾಕುವ ಗೋಜಿಲ್ಲದೆ ತಾವಾಗಿಯೇ ಉಳಿಯುತ್ತವೆ. ‘ಕೆಲೆಬೊರ್ನ್’ ಎಂಬ ಹೆಸರನ್ನು ‘ಸೆಲೆಬೊರ್ನ್’ ಎಂದು ಓದುವ ಪ್ರಮಾದವೂ ತಪ್ಪುತ್ತದೆ.

ಆದರೆ ಆ ಪಾಠಮಾಲೆಯಲ್ಲಿ, ಅದರಂತೆಯೇ 2007ಕ್ಕೆ ಮೊದಲು ಬರೆದ ಯಾವುದೇ ಪಾಠದಲ್ಲಿ, ಸರ್ವನಾಮದ ಕೋಷ್ಟಕ ಬಂದಾಗ ಹುಷಾರಾಗಿರಬೇಕು. ಆ ವರ್ಷ ಪ್ರಕಟವಾದ ಸಾಮಗ್ರಿಯಲ್ಲಿ ಸರ್ವನಾಮಗಳನ್ನು ಟೋಲ್ಕಿನ್ ಎಷ್ಟು ಬಾರಿ ಮುರಿದು ಕಟ್ಟಿದರೆಂಬುದು ಬೆಳಕಿಗೆ ಬಂತು. ಇದರ ಸುಳಿವು ಕಾದಂಬರಿಯಲ್ಲಿ ಮೊದಲೇ ಇತ್ತು. ಕಥಾನಾಯಕ ಫ್ರೋಡೊ ಕಾಡಿನಲ್ಲಿ ಎಲ್ಫ್‌ಗಳನ್ನು ಎದುರುಗೊಂಡಾಗ ಆಡುವ, ‘ನಮ್ಮ ಭೇಟಿಯ ಗಳಿಗೆಯ ಮೇಲೆ ನಕ್ಷತ್ರವೊಂದು ಬೆಳಗುತ್ತಿದೆ’ ಎಂಬರ್ಥದ ವಾಕ್ಯದ ಕೊನೆಯ ಪದ ಮೊದಲ ಮುದ್ರಣದಲ್ಲಿ ‘ಒಮೆಂತಿಯೆಲ್ಮೊ’ ಎಂದಿತ್ತು. 1960ರ ದಶಕದ ಪರಿಷ್ಕೃತ ಆವೃತ್ತಿಯಲ್ಲಿ ಅದು ‘ಒಮೆಂತಿಯೆಲ್ವೊ’ ಆಯಿತು. ಒಂದು ಅಕ್ಷರದ ಬದಲಾವಣೆಯ ಹಿಂದೆ ಇರುವುದು ಕೇಳುವವನನ್ನು ಒಳಗೊಂಡ ‘ನಾವು’ ಮತ್ತು ಕೇಳುವವನನ್ನು ಹೊರಗಿಟ್ಟ ‘ನಾವು’ ಎಂಬ ಭೇದ. ಇಂದಿನ ಕನ್ನಡದ ‘ನಾವು’ ಈ ಎರಡನ್ನೂ ಬೇರ್ಪಡಿಸದು. ತೆಲುಗಿನ ‘ಮನಮು’, ‘ಮೇಮು’ಗಳನ್ನೋ ತಮಿಳಿನ ‘ನಾಮ್’, ‘ನಾಂಗಳ್’ಗಳನ್ನೋ ಬಲ್ಲವರಿಗೆ ಈ ಪಾಠ ಕೂಡಲೇ ಹತ್ತುತ್ತದೆ. ಯಾವ ಪ್ರತ್ಯಯ ಯಾವ ‘ನಾವು’ವಿಗೆ ಎಂಬುದರಲ್ಲಿ ಹಳೆಯ ಪಾಠಗಳಿಗೂ ಹೊಸ ಪ್ರಕಟಣೆಗಳಿಗೂ ಹೊಂದಾಣಿಕೆಯಿಲ್ಲದಿದ್ದರೆ ಹೊಸದನ್ನೇ ನೆಚ್ಚಬೇಕು. ಹಾಗೆಂದು ಪಾಠವನ್ನೇ ಬದಿಗಿಡಬೇಕಿಲ್ಲ. ವಿಭಕ್ತಿ, ಬಹುವಚನ, ಕ್ರಿಯಾಪದದ ಕಾಲಗಳನ್ನು ಅದರಿಂದಲೇ ಕಲಿತು, ಸರ್ವನಾಮಗಳನ್ನು ಮಾತ್ರ ಮುಂದೆ ಹೇಳುವ ಎಲ್ಡಮೊ ನಿಘಂಟಿನಲ್ಲಿ ತಾಳೆ ನೋಡಿದರಾಯಿತು.

ಸಿಂದರಿನ್ ಪಾಠಗಳ ಸ್ಥಿತಿ ಇಷ್ಟು ಸುಖಕರವಲ್ಲ. ಸಾಲೊ ಅವರ ‘ಎ ಗೇಟ್‌ವೇ ಟು ಸಿಂದರಿನ್’ 2004ರಲ್ಲಿ ಬಂದ ಪರಿಶ್ರಮದ ಗ್ರಂಥ. ಧ್ವನಿ ಬದಲಾವಣೆಗಳ ಇತಿಹಾಸವನ್ನು ಒಂದೆಡೆ ಕೂಡಿಸಿಟ್ಟ ಉಪಕಾರ ಅದರದು. ಆದರೆ ಬೇರೆ ಬೇರೆ ಘಟ್ಟಗಳ ಸಾಮಗ್ರಿಯನ್ನು ಬೆಸೆದು ಒಂದೇ ಅಖಂಡ ಭಾಷೆಯಾಗಿ ಅದು ನಿರೂಪಿಸುತ್ತದೆ. ಕರ್ತೃವಿನ ರೂಪ ಮುಗಿದು ಲೇಖಕರ ರೂಪ ಶುರುವಾಗುವ ಗೆರೆ ಹೊಸಬನ ಕಣ್ಣಿಗೆ ಸುಲಭವಾಗಿ ಕಾಣದು. ಫಿಯೋನಾ ಜಾಲಿಂಗ್ಸ್ ಅವರ ಪಠ್ಯಪುಸ್ತಕ ತನ್ನ ಶೀರ್ಷಿಕೆಯಲ್ಲಿಯೇ ‘ನಿಯೊ ಸಿಂದರಿನ್’ ಎನ್ನುತ್ತದೆ, ಅಂದರೆ ಟೋಲ್ಕಿನ್ನರ ಕಟ್ಟಡದ ಮೇಲೆ ಅಭಿಮಾನಿಗಳು ಎತ್ತಿದ ಮಹಡಿ ಇದು ಎಂದು ಬಾಗಿಲಲ್ಲೇ ಒಪ್ಪಿಕೊಳ್ಳುತ್ತದೆ. ಮಾತಾಡಲು, ಕಥೆ ಬರೆಯಲು ಕಲಿಯುವವರಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ. 1970ರ ದಶಕದ ಪುಸ್ತಕಗಳು ಈಗಲೂ ಮರುಮುದ್ರಣದಲ್ಲೋ ಹಳೆಯ ಪ್ರತಿಗಳಲ್ಲೋ ಸಿಗುತ್ತವೆ. ಧಾತುಕೋಶವೇ ಹೊರಬರದ ಕಾಲದಲ್ಲಿ ಕಾದಂಬರಿಯ ಹೆಸರುಗಳನ್ನು ಬಿಡಿಸಿಯೇ ಅರ್ಥ ಹೇಳಬೇಕಾಗಿದ್ದ ಅವುಗಳ ಬಗ್ಗೆ ಗೌರವವಿರಲಿ, ಕಲಿಕೆಗೆ ಮಾತ್ರ ಬೇಡ.

ನಿಘಂಟುಗಳ ಪೈಕಿ ಎರಡನ್ನು ಹೋಲಿಸಿದರೆ ಸಾಕು. ಪಾಲ್ ಸ್ಟ್ರಾಕ್ ಅವರ ‘ಎಲ್ಡಮೊ’ ಉಚಿತ. ಪ್ರತಿ ಪದಕ್ಕೂ ಅದು ಯಾವ ಪ್ರಕಟಣೆಯ ಯಾವ ಪುಟದಲ್ಲಿದೆ, ಆದಿ, ಮಧ್ಯ, ಅಂತ್ಯ ಎಂಬ ಮೂರು ಘಟ್ಟಗಳಲ್ಲಿ ಯಾವುದಕ್ಕೆ ಸೇರಿದ್ದು, ಇಲ್ಲವೇ ಅಭಿಮಾನಿಗಳ ಸೃಷ್ಟಿಯೇ ಎಂಬುದನ್ನು ಗುರುತು ಹಾಕಿ ತೋರಿಸುತ್ತದೆ. ಕಿಟೆಲರ ಕೋಶದಲ್ಲಿ ಪದದ ಪಕ್ಕ ಆಕರದ ಸಂಕೇತ ಕಂಡು ನೆಮ್ಮದಿಯಾಗುತ್ತದಲ್ಲ, ಅದೇ ನೆಮ್ಮದಿ ಇಲ್ಲಿಯೂ ಇದೆ. ‘ಪರ್ಫ್ ಎಧೆಲ್ಲೆನ್’ ಎಂಬ ಇನ್ನೊಂದು ತಾಣ ಎಲ್ಡಮೊವನ್ನೂ ಒಳಗೊಂಡಂತೆ ಹಲವು ಪದಕೋಶಗಳನ್ನು ಒಂದೇ ಹುಡುಕಾಟಕ್ಕೆ ಒದಗಿಸುತ್ತದೆ. ಬಳಸಲು ಹಿತ, ಫೋನಿನಲ್ಲೂ ಚೆನ್ನಾಗಿ ಕಾಣುತ್ತದೆ. ಆದರೆ ಹಳೆಯ ಕೋಶ, ಹೊಸ ಕೋಶ ಎಲ್ಲವೂ ಒಂದೇ ಪುಟದಲ್ಲಿ ಬರುವುದರಿಂದ, ಪ್ರತಿ ನಮೂದಿನ ಕೆಳಗೆ ಬರೆದಿರುವ ಆಕರದ ಹೆಸರನ್ನು ಓದುವ ತಾಳ್ಮೆ ಇದ್ದವರಿಗೆ ಮಾತ್ರ ಅದು ಕ್ಷೇಮ.

ಯಾವ ನಿಘಂಟಾದರೂ ಸಿಂದರಿನ್ ಪದವನ್ನು ಹುಡುಕುವ ವಿದ್ಯೆ ಬೇರೆಯೇ. ಮೊರಿಯಾದ ಕಲ್ಲು ಬಾಗಿಲಿನೆದುರು ಮಾಂತ್ರಿಕ ಗ್ಯಾಂಡಾಲ್ಫ್ ಹೇಳುವ ಮಂತ್ರದಲ್ಲಿ ‘ಬೆಥ್’ ಎಂಬ ಪದ ಬರುತ್ತದೆ. ಅದನ್ನು ಬಕಾರದಲ್ಲಿ ಹುಡುಕಿದರೆ ಬೇಕಾದ ಅರ್ಥ ಸಿಗುವುದಿಲ್ಲ. ಮೂಲಪದ ‘ಪೆಥ್’, ಅರ್ಥ ‘ಮಾತು’. ವಾಕ್ಯದಲ್ಲಿ ಕರ್ಮವಾಗಿ ನಿಂತದ್ದರಿಂದ ಪಕಾರ ಬಕಾರವಾಗಿದೆ. ವೆಲ್ಶ್ ಭಾಷೆಯಿಂದ ಟೋಲ್ಕಿನ್ ಎರವಲು ತಂದ ಈ ವ್ಯಂಜನ ಪಲ್ಲಟದಲ್ಲಿ ಕ ತ ಪಗಳು ಗ ದ ಬಗಳಾಗುತ್ತವೆ ಎಂದು ಪಾಠಗಳು ಉದ್ದುದ್ದ ಕೋಷ್ಟಕ ಹಾಕಿ ಹೆದರಿಸುತ್ತವೆ. ಹೈಸ್ಕೂಲಿನಲ್ಲಿ ಮಳೆ ಮತ್ತು ಕಾಲ ಸೇರಿ ಮಳೆಗಾಲ ಎಂದು ಆದೇಶ ಸಂಧಿ ಕಲಿತವರಿಗೆ ಆ ಕೋಷ್ಟಕದ ಮೊದಲ ಮೂರು ಸಾಲು ಹಳೆಯ ಪರಿಚಯ. ನಮ್ಮಲ್ಲಿ ಅದು ಸಮಾಸದಲ್ಲಿ ಆಗುತ್ತದೆ. ಸಿಂದರಿನ್‌ನಲ್ಲಿ ಬಿಡಿಯಾಗಿ ನಿಂತ ಪದಕ್ಕೂ ಅದರ ಸ್ಥಾನವನ್ನು ನೋಡಿ ಆಗುತ್ತದೆ, ಅಷ್ಟೇ ವ್ಯತ್ಯಾಸ. ಒಂದು ಪಾಠ ಒಳ್ಳೆಯದೇ ಎಂದು ತಿಳಿಯಲು ನಾನು ಮೊದಲು ತೆರೆಯುವುದು ಈ ಅಧ್ಯಾಯವನ್ನೇ: ನಿಯಮದ ಜೊತೆಗೆ ‘ಬೆಥ್’ನಂಥ, ಕರ್ತೃವಿನ ಪಠ್ಯದಿಂದಲೇ ಆಯ್ದ ಉದಾಹರಣೆಗಳು ಇವೆಯೇ, ಅಥವಾ ಲೇಖಕರೇ ರಚಿಸಿದ ವಾಕ್ಯಗಳು ಮಾತ್ರವೇ?

ಇನ್ನು ಉಳಿದವುಗಳನ್ನು ಒಂದೇ ಕಂತೆಗೆ ಕಟ್ಟಬಹುದು. ಹೆಸರು ಹಾಕಿದರೆ ಎಲ್ಫ್ ಹೆಸರು ಕೊಡುವ ಪುಟಗಳು ಏನನ್ನೂ ಅನುವಾದಿಸುವುದಿಲ್ಲ. ಅಂತರ್ಜಾಲದ ಆರಂಭದ ದಿನಗಳಲ್ಲಿ ಪಾತ್ರಾಭಿನಯದ ಆಟಗಾರರು ತಮ್ಮ ಬಳಕೆಗೆಂದು ಕ್ವೆನ್ಯ, ಸಿಂದರಿನ್‌ಗಳನ್ನು ಕಲಸಿ, ಸಾಲದ್ದನ್ನು ಸ್ವಂತವಾಗಿ ಸೇರಿಸಿ ಮಾಡಿಕೊಂಡ ನುಡಿಗಟ್ಟುಗಳಿಗೆ ‘ಗ್ರೆಲ್ವಿಷ್’ ಎಂಬ ಅಡ್ಡಹೆಸರೇ ಇದೆ. ಅವು ಮೂಲದ ಗುರುತು ಕಳೆದುಕೊಂಡು ಈಗಲೂ ನಕಲಾಗುತ್ತಿವೆ. ಅನುವಾದ ಯಂತ್ರಗಳೂ ಸಂಭಾಷಣೆ ನಡೆಸುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳೂ ಇದೇ ಕಲಬೆರಕೆಯನ್ನು ಓದಿ ಬೆಳೆದವು. ಅವು ಕೊಟ್ಟ ವಾಕ್ಯ ಕಿವಿಗೆ ಎಲ್ಫ್ ಮಾತಿನಂತೆಯೇ ಕೇಳುತ್ತದೆ. ಒಂದೊಂದು ಪದವನ್ನೂ ಎಲ್ಡಮೊದಲ್ಲಿ ತೆರೆದು ನೋಡುವವರೆಗೆ ಅದರ ಬೆಲೆ ಸೊನ್ನೆ ಎಂದೇ ಎಣಿಸಬೇಕು. ಹಾಗೆ ನೋಡುವ ಅಭ್ಯಾಸವಿದ್ದವರಿಗೆ ತಂತ್ರಾಂಶದ ಅಗತ್ಯವೂ ಹೆಚ್ಚಿಲ್ಲ.

ಲಿಪಿಯ ವಿಚಾರ ಪ್ರತ್ಯೇಕ. ಎಲ್ಫ್ ನುಡಿಗಳನ್ನು ಬರೆಯಲು ಟೋಲ್ಕಿನ್ ರೂಪಿಸಿದ ತೆಂಗ್ವಾರ್ ಲಿಪಿಯ ಮೂಲಾಕ್ಷರಗಳನ್ನು ಉಚ್ಚಾರಣಾ ಸ್ಥಾನ ಒಂದು ದಿಕ್ಕಿಗೆ, ಉಚ್ಚಾರಣೆಯ ಬಗೆ ಇನ್ನೊಂದು ದಿಕ್ಕಿಗೆ ಇಟ್ಟು ಜೋಡಿಸಲಾಗಿದೆ. ಕವರ್ಗ, ಚವರ್ಗ ಎಂದು ಮಗ್ಗಿಯಂತೆ ಒಪ್ಪಿಸಿ ಬೆಳೆದವರು ಆ ಕೋಷ್ಟಕವನ್ನು ನೋಡಿ ಮುಗುಳ್ನಗುತ್ತಾರೆ. ಸ್ವರಗಳು ವ್ಯಂಜನದ ಮೇಲೆ ಕೂರುವ ಚಿಹ್ನೆಗಳು, ನಮ್ಮ ಕಾಗುಣಿತದ ಹಾಗೆಯೇ. ಆದರೆ ಕ್ವೆನ್ಯ ಬರೆಯುವಾಗ ಚಿಹ್ನೆ ಹಿಂದಿನ ವ್ಯಂಜನದ ಮೇಲೆ ಕೂತರೆ, ಸಿಂದರಿನ್ ಬರೆಯುವಾಗ ಸಾಮಾನ್ಯವಾಗಿ ಮುಂದಿನ ವ್ಯಂಜನದ ಮೇಲೆ ಕೂರುತ್ತದೆ. ಯಾವ ಭಾಷೆ ಎಂದು ಕೇಳದೆಯೇ ಲಿಪ್ಯಂತರ ಮಾಡಿಕೊಡುವ ತಾಣವನ್ನು ಈ ಒಂದೇ ಕಾರಣಕ್ಕೆ ಬಿಡಬಹುದು. ‘ತೆಕೆಂದಿಲ್’ ಎಂಬ ತಾಣ ಭಾಷೆಯನ್ನು ಆರಿಸಲು ಬಿಡುತ್ತದೆ. ಇದಕ್ಕಿಂತ ದೊಡ್ಡ ಬಲೆ ಫಾಂಟ್. ಬಹಳ ಬಳಕೆಯಲ್ಲಿರುವ ತೆಂಗ್ವಾರ್ ಫಾಂಟ್‌ಗಳಲ್ಲಿ ಕೀಲಿಗಳು ಧ್ವನಿಗೆ ಹೊಂದಿಕೊಂಡಿಲ್ಲ, ಕೋಷ್ಟಕದ ಸಾಲಿಗೆ ಹೊಂದಿಕೊಂಡಿವೆ. ಇಂಗ್ಲಿಷ್‌ನಲ್ಲಿ ಹೆಸರು ಟೈಪ್ ಮಾಡಿ ಫಾಂಟ್ ಬದಲಿಸಿದರೆ ಸಿಗುವುದು ನೋಡಲು ಸೊಗಸಾದ, ಓದಲು ಯಾರಿಂದಲೂ ಆಗದ ಗೀಚು. ಹಳೆಯ ನೋಟುಬುಕ್ಕಿನ ರಟ್ಟಿನ ಮೇಲೆ ನನ್ನದೂ ಅಂಥದೊಂದು ಗೀಚು ಇದೆ.

ಆಯ್ಕೆ ಕೊನೆಗೆ ಕಲಿಯುವ ಉದ್ದೇಶದ ಮೇಲೆ ನಿಂತಿದೆ. ಕಾದಂಬರಿಯ ಹಾಡುಗಳನ್ನು ಅರ್ಥ ತಿಳಿದು ಓದುವುದಷ್ಟೇ ಬೇಕೆನ್ನುವವರು ಅನುಬಂಧಗಳನ್ನೂ ಎಲ್ಡಮೊವನ್ನೂ ಇಟ್ಟುಕೊಂಡರೆ ಸಾಕು, ಪಾಠಗಳ ತನಕ ಹೋಗಬೇಕಿಲ್ಲ. ವ್ಯಾಕರಣದ ಸವಿಗಾಗಿ ಕಲಿಯುವ ಕನ್ನಡಿಗರು ಕ್ವೆನ್ಯದಿಂದ ಶುರು ಮಾಡಿ, ಫೌಸ್ಕಾಂಗೆರ್ ಅವರ ಪಾಠಗಳನ್ನು ವಾರಕ್ಕೊಂದರಂತೆ ಓದುತ್ತ, ಹೊಸ ಪದ ಬಂದಾಗಲೆಲ್ಲ ಅದರ ಘಟ್ಟವನ್ನು ಎಲ್ಡಮೊದಲ್ಲಿ ನೋಡಿ ಪಕ್ಕದಲ್ಲಿ ಬರೆದುಕೊಳ್ಳುವುದು ಲೇಸು. ಸಿಂದರಿನ್‌ನಲ್ಲಿ ಮಾತಾಡಬೇಕು, ಪತ್ರ ಬರೆಯಬೇಕು ಎನ್ನುವವರು ನಿಯೊ ಸಿಂದರಿನ್ ಅನ್ನು ಸಂಕೋಚವಿಲ್ಲದೆ ಒಪ್ಪಿಕೊಳ್ಳಲಿ. ಟೋಲ್ಕಿನ್ ಬಿಟ್ಟುಹೋದ ಪದಗಳಿಂದ ಮಾತ್ರವೇ ಒಂದು ದಿನದ ಸಂಭಾಷಣೆ ಸಾಗದು, ‘ಹನ್ನೊನ್ ಲೆ’ ಇಲ್ಲದೆ ಯಾರಿಗೂ ಧನ್ಯವಾದ ಹೇಳಲಾಗದು. ಉಂಗುರದ ಮೇಲೋ ತೋಳಿನ ಮೇಲೋ ಬರೆಸುವವರಿಗೆ ಮಾತ್ರ ನನ್ನ ಸಲಹೆ ತುಸು ಕಟ್ಟುನಿಟ್ಟು: ಸ್ವಂತ ವಾಕ್ಯ ಕಟ್ಟದೆ, ಟೋಲ್ಕಿನ್ ಜೀವಿತಕಾಲದಲ್ಲೇ ಅಚ್ಚಾದ ಒಂದು ಪದವನ್ನೋ ಪದಗುಚ್ಛವನ್ನೋ ಆರಿಸಿ, ಅದರ ಲಿಪ್ಯಂತರವನ್ನು ಐದನೆಯ ಅನುಬಂಧದ ಕೋಷ್ಟಕದೊಡನೆ ಅಕ್ಷರಕ್ಕೆ ಅಕ್ಷರ ಹೋಲಿಸಿ, ಲಿಪಿ ಬಲ್ಲ ಇನ್ನೊಬ್ಬರಿಂದ ಅದನ್ನು ಗಟ್ಟಿಯಾಗಿ ಓದಿಸಿದ ಮೇಲೆಯೇ ಅಂಗಡಿಗೆ ಹೋಗಬೇಕು.